ಶಿವಮೊಗ್ಗದ ಒಂದು ರಕ್ತನಾಳ ಚಿಕಿತ್ಸಾಲಯ: ಅಮ್ಮನ ಹುಣ್ಣು, ಚಿಕ್ಕಪ್ಪನ ಕಾಲುನೋವು

ಶಿವಮೊಗ್ಗದ ಕುವೆಂಪು ರಸ್ತೆ, ದುರ್ಗಿಗುಡಿ, ಸವಳಂಗ ರಸ್ತೆಗಳ ಸುತ್ತ ಆಸ್ಪತ್ರೆಯ ಫಲಕಗಳಿಗೆ ಕೊರತೆಯಿಲ್ಲ. ಹಾಗಿದ್ದರೂ ಕಾಲಿನ ನರ ಉಬ್ಬಿದವರು, ಹರಡಿನ (ಪಾದದ ಗಂಟಿನ) ಮೇಲೆ ಹುಣ್ಣಾಗಿ ಮಾಯದವರು, ನಾಲ್ಕು ಹೆಜ್ಜೆ ನಡೆದರೆ ಮೀನಖಂಡ ಹಿಡಿದುಕೊಳ್ಳುವವರು ಮಲೆನಾಡಿನ ಹಳ್ಳಿಗಳಲ್ಲಿ ವರ್ಷಗಟ್ಟಲೆ ಮುಲಾಮು, ನೋವಿನ ಮಾತ್ರೆ, ಎಣ್ಣೆ ತಿಕ್ಕುವುದರಲ್ಲೇ ಕಾಲ ಕಳೆಯುತ್ತಾರೆ. ನಮ್ಮ ಮನೆಯಲ್ಲಿಯೂ ಹಾಗೆಯೇ ಆಗಿತ್ತು. ಸಾಗರ ತಾಲ್ಲೂಕಿನಿಂದ ಅಮ್ಮನನ್ನು ಮತ್ತು ಚಿಕ್ಕಪ್ಪನನ್ನು ಕರೆದುಕೊಂಡು ನಗರದ ಒಂದು ಖಾಸಗಿ ರಕ್ತನಾಳ ಚಿಕಿತ್ಸಾಲಯಕ್ಕೆ ಹೋದ ಮೇಲೆ, ಅಲ್ಲಿ ದೊರೆತ ಸೇವೆಯನ್ನು ವಿವರವಾಗಿ ಬರೆದಿಟ್ಟರೆ ಇತರರಿಗೆ ಅನುಕೂಲವಾದೀತು ಎನ್ನಿಸಿತು. ಇಲ್ಲಿ ಮೆಚ್ಚುಗೆಯ ಜೊತೆಗೆ ಕೆಲವು ಆಕ್ಷೇಪಗಳೂ ಇರುವುದರಿಂದ ಚಿಕಿತ್ಸಾಲಯದ ಹೆಸರನ್ನು ಹೇಳುತ್ತಿಲ್ಲ. ಯಾವುದೇ ರಕ್ತನಾಳ ಚಿಕಿತ್ಸಾಲಯಕ್ಕೆ ಹೋದರೂ ಏನನ್ನು ನಿರೀಕ್ಷಿಸಬೇಕು, ಏನನ್ನು ಕೇಳಬೇಕು ಎಂಬುದಕ್ಕೆ ಈ ಬರಹ ಉಪಯೋಗಕ್ಕೆ ಬಂದರೆ ಸಾಕು.

ನನ್ನ ಮೆಚ್ಚುಗೆ ಶುರುವಾದದ್ದು ದೂರವಾಣಿ ಕರೆಯಿಂದಲೇ. ಕಾಲು ಬಾತಿದೆ ಎಂದು ಹೇಳಿದ ಕೂಡಲೆ ಸ್ವಾಗತಕಾರಿಣಿ ಕೇಳಿದ ಮೊದಲ ಪ್ರಶ್ನೆ, "ಒಂದೇ ಕಾಲೋ, ಎರಡೂ ಕಾಲೋ? ಬಾವು ಈಗ ಎರಡು ಮೂರು ದಿನದಲ್ಲಿ ಬಂದದ್ದೋ, ಹಳೆಯದೋ?" ಎಂಬುದು. ಎರಡೂ ಕಾಲು ಬಾಯುವುದಕ್ಕೆ ಹೃದಯ, ಮೂತ್ರಪಿಂಡ, ಯಕೃತ್ತು (ಲಿವರ್), ರಕ್ತಹೀನತೆ, ಕೆಲವು ಬಿಪಿ ಮಾತ್ರೆಗಳು ಹೀಗೆ ಹತ್ತಾರು ಕಾರಣಗಳಿರುತ್ತವೆ. ಆದರೆ ಒಂದೇ ಕಾಲು ಇದ್ದಕ್ಕಿದ್ದಂತೆ ಬಾತು ನೋಯತೊಡಗಿದರೆ ಒಳಗಿನ ದೊಡ್ಡ ಅಭಿಧಮನಿಯಲ್ಲಿ (ರಕ್ತವನ್ನು ಹೃದಯಕ್ಕೆ ಹಿಂತಿರುಗಿಸುವ ನಾಳದಲ್ಲಿ) ರಕ್ತ ಹೆಪ್ಪುಗಟ್ಟಿರಬಹುದು. ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಅಂಥವರಿಗೆ ಸರದಿಯ ಚೀಟಿ ಬೇಡ, ಅದೇ ದಿನ ಬರಬಹುದು ಎಂದು ಆಕೆ ವಿವರಿಸಿದರು. ನಾವು ಕಾಯುತ್ತ ಕುಳಿತಿದ್ದಾಗ ಒಬ್ಬ ಬಾಣಂತಿಯನ್ನು ನೇರವಾಗಿ ಒಳಗೆ ಕರೆದುಕೊಂಡು ಹೋದದ್ದನ್ನು ನೋಡಿದೆ. ಹೆರಿಗೆಯಾದ ಮೊದಲ ಆರು ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚು. ನಮ್ಮ ಕಡೆ ಬಾಣಂತಿಯನ್ನು ಹಾಸಿಗೆಯಿಂದ ಏಳಗೊಡದೆ, ಬಾಯಾರಿದರೂ ನೀರನ್ನು ಅಳೆದು ಕೊಡುವ ಪದ್ಧತಿ ಇನ್ನೂ ಕೆಲವು ಮನೆಗಳಲ್ಲಿ ಉಳಿದಿದೆ. ಅದು ಅಪಾಯವನ್ನು ಹೆಚ್ಚಿಸುವ ಪದ್ಧತಿ. ಫೋನಿನಲ್ಲಿ ಕೇಳುವ ಈ ಎರಡು ಪ್ರಶ್ನೆಗಳನ್ನು ಸಿಬ್ಬಂದಿಗೆ ಕಲಿಸಿಟ್ಟ ವೈದ್ಯರ ಬಗ್ಗೆ ನನಗೆ ಆಗಲೇ ಗೌರವ ಮೂಡಿತು.

ಆ ಗೌರವಕ್ಕೆ ಒಪ್ಪದ ಸಂಗತಿ ಎಂದರೆ ಕಟ್ಟಡ. ಕಾಲಿನ ಕಾಯಿಲೆಯವರೇ ಬರುವ ಚಿಕಿತ್ಸಾಲಯ ಮೊದಲನೆಯ ಮಹಡಿಯಲ್ಲಿದೆ ಮತ್ತು ಲಿಫ್ಟ್ ಇಲ್ಲ. ಚಿಕ್ಕಪ್ಪ ಮೆಟ್ಟಿಲ ಮಧ್ಯದಲ್ಲಿ ನಿಂತು ಸುಧಾರಿಸಿಕೊಳ್ಳಬೇಕಾಯಿತು. ಮೇಲೆ ಕಾಯುವ ಕೋಣೆಯಲ್ಲಿ ಸಾಲಾಗಿ ಪ್ಲಾಸ್ಟಿಕ್ ಕುರ್ಚಿಗಳಿವೆ, ಕಾಲು ಚಾಚಿಡಲು ಒಂದು ಸ್ಟೂಲೂ ಇಲ್ಲ. ಬಾತ ಕಾಲನ್ನು ಎರಡು ಗಂಟೆ ಇಳಿಬಿಟ್ಟು ಕೂರಿಸಿ, ಆಮೇಲೆ ಒಳಗೆ ಕರೆದು ಕಾಲನ್ನು ಎತ್ತರದಲ್ಲಿಟ್ಟುಕೊಳ್ಳಿ ಎಂದು ಹೇಳುವುದು ಸರಿಯಲ್ಲ. ಇದನ್ನು ಅಲ್ಲಿನ ಅಭಿಪ್ರಾಯ ಪುಸ್ತಕದಲ್ಲಿಯೂ ಬರೆದು ಬಂದಿದ್ದೇನೆ.

ಅಮ್ಮನ ಎಡಗಾಲಿನ ಒಳಹರಡಿನ ಮೇಲ್ಗಡೆ ಚರ್ಮ ಕಂದುಬಣ್ಣಕ್ಕೆ ತಿರುಗಿ, ಕೆರೆತವಾಗಿ, ಕೊನೆಗೆ ರೂಪಾಯಿಯಗಲದ ಹುಣ್ಣಾಗಿತ್ತು. ಅದಕ್ಕೆ ಮೊದಲು ಕಜ್ಜಿಯ ಮುಲಾಮು, ಅನಂತರ ಆಂಟಿಬಯೋಟಿಕ್, ಆಮೇಲೆ ಪುಡಿ, ಹೀಗೆ ಎಲ್ಲವೂ ಆಗಿತ್ತು. ಇಲ್ಲಿನ ವೈದ್ಯರು ಹುಣ್ಣನ್ನು ನೋಡುವ ಮೊದಲು ಅಮ್ಮನನ್ನು ನಿಲ್ಲಿಸಿದರು. ಪರದೆಯ ಹಿಂದೆ ಸಡಿಲವಾದ ಗೌನ್ ಕೊಟ್ಟು, ಒಬ್ಬ ನರ್ಸ್ ಜೊತೆಗಿದ್ದು, ತೊಡೆಸಂದಿಯಿಂದ ಪಾದದವರೆಗೆ ಎರಡೂ ಕಾಲುಗಳನ್ನು ಬೆಳಕಿನಲ್ಲಿ ನೋಡಿದರು. ಸೀರೆಯನ್ನು ಮೊಣಕಾಲಿನವರೆಗೆ ಎತ್ತುವುದಕ್ಕೂ ಮುಜುಗರಪಡುವ ಅಮ್ಮ ಅಂದು ಸಮಾಧಾನದಿಂದ ನಿಂತದ್ದು ಆ ಏರ್ಪಾಡಿನಿಂದಾಗಿ. ಮಲಗಿಸಿ ನೋಡಿದರೆ ಉಬ್ಬಿದ ನಾಳಗಳು ಖಾಲಿಯಾಗಿ ಮರೆಯಾಗಿಬಿಡುತ್ತವೆ. ಈ ಕಾಯಿಲೆಯನ್ನು ರೋಗಿ ನಿಂತಿರುವಾಗಲೇ ನೋಡಬೇಕು ಎಂಬುದು ಅಲ್ಲಿ ತಿಳಿಯಿತು.

ನಾಳದಲ್ಲಿ ರಕ್ತ ಹರಿಯುವುದನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್ ಕೂಡ ನಿಲ್ಲಿಸಿಯೇ ಮಾಡಿದರು. ಭಾರವನ್ನು ಇನ್ನೊಂದು ಕಾಲಿನ ಮೇಲೆ ಬಿಡಲು ಹೇಳಿ, ತೊಡೆಯ ಮೇಲೆ ಜೆಲ್ ಹಚ್ಚಿದ ಪ್ರೋಬ್ ಇಟ್ಟು, ಕೈಯಿಂದ ಮೀನಖಂಡವನ್ನು ಹಿಂಡಿ ಬಿಡುತ್ತಾರೆ. ಹಿಂಡಿದಾಗ ರಕ್ತ ಮೇಲಕ್ಕೆ ಹೋಗಬೇಕು. ಬಿಟ್ಟಾಗ ನಾಳದೊಳಗಿನ ಕವಾಟ ಮುಚ್ಚಿಕೊಂಡು ರಕ್ತ ಅಲ್ಲಿಯೇ ನಿಲ್ಲಬೇಕು. ಚರ್ಮದ ಕೆಳಗಿನ ಅಭಿಧಮನಿಯಲ್ಲಿ ರಕ್ತ ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಮ್ಮುಖವಾಗಿ ಹರಿದರೆ ಕವಾಟ ಕೆಟ್ಟಿದೆ ಎಂದರ್ಥ. ತೊಡೆಯ ಒಳಬದಿಯಲ್ಲಿ ಹಾದುಹೋಗುವ ಗ್ರೇಟ್ ಸಫೀನಸ್ ಎಂಬ ಉದ್ದದ ನಾಳದಲ್ಲಿ ಅಮ್ಮನಿಗೆ ಅದು ಮೂರು ಸೆಕೆಂಡಿಗೂ ಮೀರಿತ್ತು. ತೆರೆಯ ಮೇಲೆ ನೀಲಿ ಹೋಗಿ ಕೆಂಪು ಬಂದು ಅಲ್ಲೇ ನಿಲ್ಲುವುದನ್ನು ವೈದ್ಯರು ಅಮ್ಮನಿಗೇ ತೋರಿಸಿದರು. ಸುಮ್ಮನೆ ನಿಂತಾಗ ಹರಡಿನ ಬಳಿಯ ಅಭಿಧಮನಿಯಲ್ಲಿ ಒತ್ತಡ ಸುಮಾರು 90 ಮಿ.ಮೀ. ಪಾದರಸದಷ್ಟಿರುತ್ತದೆ, ಆರೋಗ್ಯವಂತರು ನಡೆಯತೊಡಗಿದರೆ ಮೀನಖಂಡದ ಸ್ನಾಯುಗಳು ರಕ್ತವನ್ನು ಮೇಲಕ್ಕೆ ದೂಡುವುದರಿಂದ ಅದು 30ಕ್ಕಿಂತ ಕೆಳಗಿಳಿಯುತ್ತದೆ, ಕವಾಟ ಕೆಟ್ಟವರಲ್ಲಿ ಹಾಗೆ ಇಳಿಯುವುದಿಲ್ಲ ಎಂದು ಹೇಳಿ, "ಬಸಿಗಾಲುವೆ ಕಟ್ಟಿಕೊಂಡ ತೋಟಕ್ಕೆ ಎಷ್ಟು ಗೊಬ್ಬರ ಹಾಕಿದರೇನಮ್ಮ, ಬೇರು ಕೊಳೆಯುವುದು ನಿಲ್ಲುತ್ತದೆಯೆ?" ಎಂದು ಕೇಳಿದರು. ಅಷ್ಟು ಮುಲಾಮು ಹಚ್ಚಿದರೂ ಹುಣ್ಣು ಏಕೆ ಮಾಯಲಿಲ್ಲ ಎಂಬುದು ಅಮ್ಮನಿಗೆ ಆ ಒಂದು ಮಾತಿನಲ್ಲಿ ಅರ್ಥವಾಯಿತು.

ಒಳಗಿನ ದೊಡ್ಡ ಅಭಿಧಮನಿಗಳು ತೆರೆದಿವೆಯೇ ಎಂಬುದನ್ನೂ ಅದೇ ಸ್ಕ್ಯಾನಿನಲ್ಲಿ ಖಚಿತಪಡಿಸಿಕೊಂಡರು. ಅವು ಮುಚ್ಚಿಹೋಗಿದ್ದರೆ ಮೇಲಿನ ಉಬ್ಬಿದ ನಾಳವೇ ರಕ್ತ ಹಿಂತಿರುಗುವ ಬದಲಿ ದಾರಿಯಾಗಿರಬಹುದು; ಚಿಕಿತ್ಸೆಯೆಂದು ಅದನ್ನು ಲೇಸರಿನ ಶಾಖದಿಂದ ಮುಚ್ಚಿದರೆ ಇದ್ದ ದಾರಿಯೂ ಹೋದಂತೆ. ಹೊರಗಿನ ಫಲಕಗಳಲ್ಲಿ "ನೋವಿಲ್ಲದ ಲೇಸರ್" ಎಂದು ದೊಡ್ಡದಾಗಿ ಬರೆದಿರುವ ಕಡೆ ಈ ಪರೀಕ್ಷೆ ಎಷ್ಟು ಹೊತ್ತು ನಡೆಯುತ್ತದೆ ಎಂದು ಮೊದಲು ಕೇಳಬೇಕು. ಇಲ್ಲಿ ಎರಡು ಕಾಲಿಗೆ ಮುಕ್ಕಾಲು ಗಂಟೆ ಹಿಡಿಯಿತು.

ನನಗೆ ಇಡೀ ಸೇವೆಯಲ್ಲಿ ಅತಿ ಮುಖ್ಯವೆನಿಸಿದ್ದು ಇದರ ನಂತರದ ಹಂತ. ಅಭಿಧಮನಿಯ ಹುಣ್ಣಿಗೆ ಮುಖ್ಯ ಔಷಧವೆಂದರೆ ಬಿಗಿಯಾದ ಕಟ್ಟು. ಹಲವು ಪದರಗಳ ಬ್ಯಾಂಡೇಜು ಹರಡಿನ ಬಳಿ ಸುಮಾರು 40 ಮಿ.ಮೀ. ಒತ್ತಡ ಕೊಡುತ್ತದೆ. ಆದರೆ ಪಾದಕ್ಕೆ ರಕ್ತ ತರುವ ಅಪಧಮನಿಯೇ ಕಿರಿದಾಗಿದ್ದರೆ ಅದೇ ಕಟ್ಟು ಕಾಲನ್ನು ಕೊಲ್ಲಬಲ್ಲದು. ಆದ್ದರಿಂದ ಕಟ್ಟು ಹಾಕುವ ಮೊದಲು ಎಬಿಐ ಎಂಬ ಅಳತೆ ತೆಗೆದುಕೊಂಡರು. ರೋಗಿಯನ್ನು ಸ್ವಲ್ಪ ಹೊತ್ತು ಮಲಗಿಸಿ, ಎರಡೂ ತೋಳು ಮತ್ತು ಎರಡೂ ಹರಡುಗಳ ಬಳಿ ಬಿಪಿ ಪಟ್ಟಿ ಕಟ್ಟಿ, ಪೆನ್ನಿನಂಥ ಚಿಕ್ಕ ಡಾಪ್ಲರ್ ಸಾಧನದಿಂದ ನಾಡಿಯ ಸದ್ದು ಕೇಳಿ, ಹರಡಿನ ಒತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸುತ್ತಾರೆ. 1.0ರಿಂದ 1.4ರವರೆಗೆ ಸರಿ, 0.9 ಅಥವಾ ಅದಕ್ಕಿಂತ ಕಡಿಮೆಯಾದರೆ ಅಪಧಮನಿಯ ಕಾಯಿಲೆ, 0.8ಕ್ಕಿಂತ ಕೆಳಗಿದ್ದರೆ ಪೂರ್ಣ ಬಿಗಿಯ ಕಟ್ಟು ಹಾಕಬಾರದು. ಅಮ್ಮನದು 1.05 ಬಂತು, ಕಟ್ಟು ಹಾಕಿದರು. ಯಂತ್ರ ದುಬಾರಿಯದಲ್ಲ, ಕೆಲಸ ಕಷ್ಟದ್ದಲ್ಲ. ಆದರೂ ಅಮ್ಮ ಹಿಂದೆ ತೋರಿಸಿದ್ದ ಯಾವ ಕಡೆಯೂ ಇದನ್ನು ಮಾಡಿರಲಿಲ್ಲ.

ಕಟ್ಟನ್ನು ವಾರಕ್ಕೊಮ್ಮೆ ಬದಲಾಯಿಸುತ್ತ, ಹುಣ್ಣು ಪೂರ್ತಿ ಮಾಯುವುದಕ್ಕೆ ಕಾಯದೆಯೇ ಕೆಟ್ಟ ನಾಳವನ್ನು ಮುಚ್ಚುವುದು ಒಳ್ಳೆಯದೆಂದು ವೈದ್ಯರು ಸಲಹೆ ಮಾಡಿದರು. ಬ್ರಿಟನ್ನಿನಲ್ಲಿ 450 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬೇಗ ನಾಳ ಮುಚ್ಚಿಸಿಕೊಂಡವರ ಹುಣ್ಣು ಬೇಗ ಮಾಯ್ದಿತ್ತು ಎಂಬ ಆಧಾರವನ್ನೂ ಹೇಳಿದರು. ರೇಡಿಯೋ ಫ್ರೀಕ್ವೆನ್ಸಿ ವಿಧಾನವನ್ನು ಆರಿಸಿದೆವು. ಮೊಣಕಾಲಿನ ಬಳಿ ಸೂಜಿಯಷ್ಟು ತೂತಿನಿಂದ ತೆಳುವಾದ ಕೊಳವೆಯನ್ನು ನಾಳದೊಳಗೆ ಕಳುಹಿಸಿ, ನಾಳದ ಸುತ್ತ ಮರಗಟ್ಟಿಸುವ ಔಷಧ ಬೆರೆತ ನೀರನ್ನು ತುಂಬಿ, ಒಂದೊಂದು ತುಂಡನ್ನು 120 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 20 ಸೆಕೆಂಡು ಕಾಯಿಸುತ್ತ ಕೆಳಕ್ಕೆ ಬರುತ್ತಾರೆ. ಆ ನೀರಿನ ಪದರವೇ ಚರ್ಮವನ್ನೂ ಸಂವೇದನೆಯ ನರವನ್ನೂ ಸುಡದಂತೆ ಕಾಯುತ್ತದೆ. ನೋವೇ ಇರುವುದಿಲ್ಲ ಎಂದು ಹೇಳಲಾರೆ. ಆ ನೀರನ್ನು ತುಂಬುವ ಚುಚ್ಚುಮದ್ದುಗಳು ಅಮ್ಮನಿಗೆ ನೋವು ಕೊಟ್ಟವು, ಒಂದೆರಡು ವಾರ ತೊಡೆಯಲ್ಲಿ ಹಗ್ಗ ಎಳೆದ ಹಾಗೆ ಬಿಗಿತವಿತ್ತು. ಆದರೆ ಅದೇ ದಿನ ಸಂಜೆ ಅಮ್ಮ ತಾನೇ ನಡೆದು ಮೆಟ್ಟಿಲಿಳಿದರು. ಹೆಪ್ಪು ಒಳನಾಳಕ್ಕೆ ಹಬ್ಬಿಲ್ಲವೇ ಎಂದು ನೋಡಲು ವಾರದೊಳಗೆ ಮತ್ತೆ ಸ್ಕ್ಯಾನ್ ಮಾಡಿದರು. ಹುಣ್ಣು ದೀಪಾವಳಿಯ ಹೊತ್ತಿಗೆ ಮುಚ್ಚಿಕೊಂಡಿತು.

ಇನ್ನು ಚಿಕ್ಕಪ್ಪನ ವಿಷಯ. ಅವರಿಗೆ ಬಹಳ ಕಾಲದಿಂದ ಶುಗರ್ ಇದೆ. ಬೀಡಿ ಬಿಟ್ಟಿದ್ದರೂ ಕವಳಕ್ಕೆ (ಎಲೆಅಡಿಕೆಗೆ) ಹೊಗೆಸೊಪ್ಪು ಹಾಕಿಕೊಳ್ಳುವುದನ್ನು ಬಿಟ್ಟಿರಲಿಲ್ಲ. ನಡೆದರೆ ಬಲ ಮೀನಖಂಡ ಹಿಡಿದುಕೊಳ್ಳುವುದನ್ನು ಸೊಂಟದ ನರದ ಸೆಳೆತವೆಂದು ಬೇರೊಂದು ಕಡೆ ಹೇಳಿ ನೋವಿನ ಮಾತ್ರೆ ಕೊಟ್ಟಿದ್ದರು. ಶುಗರ್ ಇರುವವರ ಮೂತ್ರಪಿಂಡಕ್ಕೆ ಆ ಮಾತ್ರೆಗಳು ಒಳ್ಳೆಯದಲ್ಲ. ಇಲ್ಲಿನ ವೈದ್ಯರು ಯಂತ್ರ ಮುಟ್ಟುವ ಮೊದಲು ಕೇಳಿದ ಪ್ರಶ್ನೆಗಳು ನನಗೆ ಬಾಯಿಪಾಠವಾಗಿವೆ: "ಯಜಮಾನರೆ, ನೋವು ಬಂದಾಗ ಸುಮ್ಮನೆ ನಿಂತರೆ ಸಾಕೋ, ಕೂತು ಮುಂದೆ ಬಾಗಲೇಬೇಕೋ? ತೋಟಕ್ಕೆ ಇಳಿಯುವಾಗ ಹೆಚ್ಚೋ, ತೋಟದಿಂದ ಮನೆಗೆ ಹತ್ತುವಾಗ ಹೆಚ್ಚೋ?" ಚಿಕ್ಕಪ್ಪ ನಿಂತರೆ ಸಾಕು, ಹತ್ತುವಾಗಲೇ ಹೆಚ್ಚು ಎಂದರು. ಬೆನ್ನುಹುರಿಯ ದಾರಿ ಕಿರಿದಾದವರಿಗೆ ಸಾಮಾನ್ಯವಾಗಿ ಇಳಿಜಾರಿನಲ್ಲಿ ನೋವು ಹೆಚ್ಚು, ಅವರು ಕೂರಬೇಕು ಇಲ್ಲವೆ ಬಾಗಬೇಕು. ಅಪಧಮನಿ ಕಿರಿದಾದವರಿಗೆ ಏರಿನಲ್ಲಿ ಸ್ನಾಯು ಹೆಚ್ಚು ರಕ್ತ ಬೇಡುವುದರಿಂದ ಆಗ ನೋವು, ನಿಂತ ಕೆಲವೇ ನಿಮಿಷಗಳಲ್ಲಿ ಶಮನ. ಮನೆ ಮೇಲೆ, ತೋಟ ಕೆಳಗೆ ಇರುವ ನಮ್ಮ ಸೀಮೆಯಲ್ಲಿ ಪ್ರತಿಯೊಬ್ಬ ರೋಗಿಯೂ ಉತ್ತರಿಸಬಲ್ಲ ಪ್ರಶ್ನೆ ಇದು. ರೋಗಿ ಬದುಕುವ ನೆಲವನ್ನು ಬಲ್ಲ ವೈದ್ಯರಷ್ಟೇ ಹೀಗೆ ಕೇಳಬಲ್ಲರು.

ಬಳಿಕ ತೊಡೆಸಂದಿ, ಮೊಣಕಾಲಿನ ಹಿಂಭಾಗ, ಹರಡು, ಪಾದದ ಮೇಲ್ಭಾಗ ಹೀಗೆ ಪ್ರತಿ ಕಡೆಯೂ ಕೈಯಿಂದ ನಾಡಿ ಮುಟ್ಟಿ ನೋಡಿದರು. ಬೆರಳ ಸಂದುಗಳನ್ನು ಬಿಡಿಸಿ ಕೆಸರುಹುಣ್ಣು ಇದೆಯೇ ಎಂದು ನೋಡಿದರು, ನೈಲಾನ್ ಎಳೆಯಿಂದ ಪಾದವನ್ನು ಚುಚ್ಚಿ ಸ್ಪರ್ಶಜ್ಞಾನ ಪರೀಕ್ಷಿಸಿದರು. ಎಬಿಐ ಬಲಗಾಲಿಗೆ 0.62 ಬಂತು. ಎಡಗಾಲಿಗೆ 1.45 ಬಂದಾಗ ನಾನು ಅದು ಒಳ್ಳೆಯದೆಂದೇ ಭಾವಿಸುತ್ತಿದ್ದೆ. ವೈದ್ಯರು ತಕ್ಷಣ ಅದನ್ನು ನಂಬಬಾರದು ಎಂದರು. ಶುಗರ್ ಇರುವವರ ಅಪಧಮನಿಯ ಗೋಡೆಯಲ್ಲಿ ಸುಣ್ಣದಂಶ ಕೂತು ಅದು ಗಡುಸಾದರೆ ಬಿಪಿ ಪಟ್ಟಿಗೆ ಅದುಮಿಕೊಳ್ಳುವುದಿಲ್ಲ, ಹೀಗಾಗಿ ಸಂಖ್ಯೆ ಸುಳ್ಳಾಗಿ ಏರುತ್ತದೆ. ಕಾಲಿನ ಹೆಬ್ಬೆರಳಿಗೆ ಚಿಕ್ಕ ಪಟ್ಟಿ ಹಾಕಿ ಮತ್ತೆ ಅಳೆದಾಗ ಎಡಗಾಲಿನಲ್ಲಿಯೂ ರಕ್ತಸಂಚಾರ ಕಡಿಮೆಯೇ ಇತ್ತು. ಹೆಬ್ಬೆರಳಿನ ಅಳತೆಯ ಏರ್ಪಾಡು ಇಲ್ಲದಿದ್ದರೆ ಆ ಕಾಲನ್ನು ಆರೋಗ್ಯವಾಗಿದೆ ಎಂದು ಬರೆದು ಕಳುಹಿಸುತ್ತಿದ್ದರು.

ಸ್ಕ್ಯಾನಿನಲ್ಲಿ ಬಲತೊಡೆಯ ಅಪಧಮನಿ ಕಿರಿದಾಗಿರುವುದು ಕಾಣಿಸಿತು. ನಾವು ಅದನ್ನು ಬಲೂನಿನಿಂದ ಹಿಗ್ಗಿಸುವ ಆಂಜಿಯೋಪ್ಲಾಸ್ಟಿಗೆ ಹಣ ಹೊಂದಿಸಿಕೊಂಡೇ ಹೋಗಿದ್ದೆವು. ವೈದ್ಯರು ಈಗ ಬೇಡ ಎಂದರು. ಮಲಗಿದಾಗಲೂ ನೋವಿಲ್ಲ, ಮಾಯದ ಹುಣ್ಣಿಲ್ಲ, ಬೆರಳು ಕಪ್ಪಾಗಿಲ್ಲ. ಇಂಥ ಹಂತದಲ್ಲಿ ಮೊದಲು ಔಷಧ ಮತ್ತು ನಡಿಗೆ, ಮೂರು ತಿಂಗಳ ಬಳಿಕ ಮತ್ತೆ ವಿಚಾರ. ಕಾಲಿನ ಅಪಧಮನಿ ಕಟ್ಟಿಕೊಂಡವರಿಗೆ ಕಾಲಿಗಿಂತ ದೊಡ್ಡ ಅಪಾಯ ಹೃದಯಾಘಾತ ಮತ್ತು ಪಾರ್ಶ್ವವಾಯುವಿನದು, ಆದ್ದರಿಂದ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೋಪಿಡೋಗ್ರೆಲ್, ಕೊಬ್ಬಿನಂಶಕ್ಕೆ ಸ್ಟಾಟಿನ್ ಇವೆರಡನ್ನೂ ನೋವು ಕಡಿಮೆಯಾದರೂ ಬಿಡಬಾರದು ಎಂದು ಒತ್ತಿ ಹೇಳಿದರು. ನಡಿಗೆಯ ದೂರ ಹೆಚ್ಚಿಸುವ ಸಿಲೋಸ್ಟಜೋಲ್ ಕೊಡುವ ಮೊದಲು ಹೃದಯದ ಎಕೋ ಮಾಡಿಸಿಕೊಂಡು ಬರಲು ಹೇಳಿದರು. ಹೃದಯ ವೈಫಲ್ಯ ಇರುವವರಿಗೆ ಆ ಮಾತ್ರೆ ನಿಷಿದ್ಧ. ಹಣ ಕಟ್ಟಲು ತಯಾರಾಗಿ ಬಂದ ಕುಟುಂಬಕ್ಕೆ ಬೇಡ ಎಂದು ಹೇಳುವ ವೈದ್ಯರನ್ನು ನಾನು ಇನ್ನೊಬ್ಬರಿಗೆ ಧೈರ್ಯದಿಂದ ಶಿಫಾರಸು ಮಾಡಬಲ್ಲೆ.

ಹೊಗೆಸೊಪ್ಪಿನ ವಿಷಯದಲ್ಲಿ ಮಾತ್ರ ಅವರು ಯಾವ ರಿಯಾಯಿತಿಯನ್ನೂ ಕೊಡಲಿಲ್ಲ. ಬೀಡಿ, ಸಿಗರೇಟು ಸೇದುವ ಹರೆಯದವರಲ್ಲಿಯೇ ಕೈಕಾಲಿನ ಸಣ್ಣ ನಾಳಗಳು ಮುಚ್ಚಿಹೋಗುವ ಬರ್ಜರ್ ಕಾಯಿಲೆಯ ಬಗ್ಗೆ, ಅದರಲ್ಲಿ ತಂಬಾಕು ಬಿಟ್ಟವರ ಕಾಲು ಉಳಿದು ಬಿಡದವರ ಕಾಲು ತುಂಡುತುಂಡಾಗಿ ಹೋಗುವ ಬಗ್ಗೆ ಹೇಳಿ, ಶುಗರ್ ಜೊತೆ ತಂಬಾಕು ಸೇರಿದರೆ ತಮ್ಮ ಯಾವ ಚಿಕಿತ್ಸೆಯೂ ಬಹುಕಾಲ ನಿಲ್ಲದು ಎಂದರು. ಚಿಕ್ಕಪ್ಪ ಕವಳವನ್ನು ಪೂರ್ತಿ ಬಿಟ್ಟಿಲ್ಲ, ಹೊಗೆಸೊಪ್ಪನ್ನು ಬಿಟ್ಟಿದ್ದಾರೆ.

ನಡಿಗೆಯ ಸೂಚನೆ ಸ್ಪಷ್ಟವಾಗಿತ್ತು: ನೋವು ಬರುವವರೆಗೆ ನಡೆಯುವುದು, ನಿಲ್ಲುವುದು, ಕಡಿಮೆಯಾದ ಮೇಲೆ ಮತ್ತೆ ನಡೆಯುವುದು, ಹೀಗೆ ಒಟ್ಟು ಅರ್ಧದಿಂದ ಮುಕ್ಕಾಲು ಗಂಟೆ, ವಾರಕ್ಕೆ ಕನಿಷ್ಠ ಮೂರು ದಿನ, 12 ವಾರ ಬಿಡದೆ. ಮಳೆಗಾಲದಲ್ಲಿ ನಡೆಯುವುದೆಲ್ಲಿ ಎಂದು ಚಿಕ್ಕಪ್ಪ ಕೇಳಿದಾಗ, ಉದ್ದನೆಯ ಜಗಲಿಯಲ್ಲಿಯೋ ಅಡಿಕೆ ಒಣಗಿಸುವ ಚಪ್ಪರದ ಅಡಿಯಲ್ಲಿಯೋ ನಡೆಯಬಹುದು, ಬರಿಗಾಲಿನಲ್ಲಿ ಬೇಡ, ಒದ್ದೆ ತೋಟಕ್ಕೆ ಹವಾಯಿ ಚಪ್ಪಲಿಯಲ್ಲಿ ಇಳಿಯಬೇಡಿ ಎಂದು ಉತ್ತರಿಸಿದರು. ಉಂಬಳ (ಜಿಗಣೆ) ಕಚ್ಚಿದರೆ ಏನು ಮಾಡಬೇಕೆಂಬುದನ್ನು ಸಹ ತಾವಾಗಿ ಹೇಳಿದರು. ಉಂಬಳದ ಎಂಜಲಿನಲ್ಲಿಯೇ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶವಿರುತ್ತದೆ, ಅದಕ್ಕೆ ಈ ಮಾತ್ರೆಗಳೂ ಸೇರಿದರೆ ರಕ್ತ ಬಹಳ ಹೊತ್ತು ಒಸರುತ್ತದೆ. ಹೆದರದೆ ಶುಭ್ರ ಬಟ್ಟೆಯಿಂದ ಅದುಮಿ ಹಿಡಿಯಬೇಕು, ಶುಗರ್ ಇರುವವರು ಆ ಗಾಯವನ್ನು ಸಣ್ಣದೆಂದು ಬಿಡಬಾರದು.

ಇನ್ನು ಅಮ್ಮನಿಗೆ ಕೊಟ್ಟ ಬಿಗಿ ಕಾಲುಚೀಲ. ಹುಣ್ಣು ಮಾಯ್ದ ಮೇಲೂ ಹಗಲೆಲ್ಲ ಮೊಣಕಾಲಿನವರೆಗಿನ ಎರಡನೆಯ ದರ್ಜೆಯ ಕಾಲುಚೀಲ ಹಾಕಿಕೊಳ್ಳಬೇಕು. ಅದರ ಒತ್ತಡ 23ರಿಂದ 32 ಮಿ.ಮೀ. ಗುಣಮಟ್ಟ ಚೆನ್ನಾಗಿದೆ, ಆದರೆ ವಯಸ್ಸಾದವರು ಒಬ್ಬರೇ ಹಾಕಿಕೊಳ್ಳುವುದು ಕಷ್ಟ. ಮನೆಗೆಲಸಕ್ಕೆ ಬಳಸುವ ರಬ್ಬರ್ ಕೈಗವಸು ಹಾಕಿಕೊಂಡು ಎಳೆದರೆ ಬೇಗ ಏರುತ್ತದೆ ಎಂಬುದನ್ನು ನರ್ಸ್ ತೋರಿಸಿಕೊಟ್ಟರು. ಮಲೆನಾಡಿನ ಮುಖ್ಯ ತೊಂದರೆ ಒಣಗಿಸುವುದು. ಆಷಾಢ, ಶ್ರಾವಣದಲ್ಲಿ ಬಟ್ಟೆಯೇ ಒಣಗದ ಕಡೆ ಈ ದಪ್ಪ ಚೀಲ ಒಣಗುವುದಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಹಾಕಿದರೆ ಶಾಖಕ್ಕೆ ಎಲಾಸ್ಟಿಕ್ ಸತ್ತು ಬಿಗಿ ಕಳೆದುಕೊಳ್ಳುತ್ತದೆ. ಎರಡು ಜೊತೆ ಇಟ್ಟುಕೊಂಡು, ಒಗೆದದ್ದನ್ನು ಹಿಂಡದೆ ಒಣ ಟವೆಲ್ಲಿನಲ್ಲಿ ಸುತ್ತಿ ಅದುಮಿ ಫ್ಯಾನಿನ ಕೆಳಗೆ ಹರವುವುದೊಂದೇ ದಾರಿ. ಆರು ತಿಂಗಳಿಗೆ ಹೊಸದು ಬೇಕು, ಈ ಖರ್ಚು ನಿರಂತರ. ಒಬ್ಬರ ಕಾಲುಚೀಲವನ್ನು ಮನೆಯ ಇನ್ನೊಬ್ಬರು ಹಾಕಿಕೊಳ್ಳಬಾರದು ಎಂದು ವೈದ್ಯರು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಎಚ್ಚರಿಸಿದ್ದು ತುಂಬಾ ಒಳ್ಳೆಯದಾಯಿತು. ಅಮ್ಮನಿಗೆ ಹಿತವಾದ ಆ ಬಿಗಿ ಚಿಕ್ಕಪ್ಪನ ಕಾಲಿಗೆ ವಿಷ.

ಹಣದ ಲೆಕ್ಕದಲ್ಲಿ ನನ್ನ ಆಕ್ಷೇಪ ಗಟ್ಟಿಯಾದದ್ದು. ನಾಳ ಮುಚ್ಚುವ ಚಿಕಿತ್ಸೆಗೆ ಮೊದಲು ಹೇಳಿದ ಮೊತ್ತದಲ್ಲಿ ಕಾಲುಚೀಲ, ವಾರದ ಕಟ್ಟು, ಮರುಸ್ಕ್ಯಾನ್ ಯಾವುದೂ ಸೇರಿರಲಿಲ್ಲ. ಸೇರಿಲ್ಲ ಎಂಬುದು ಕಟ್ಟುವಾಗಲೇ ತಿಳಿದದ್ದು. ಯಶಸ್ವಿನಿ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಇವುಗಳ ಸೌಲಭ್ಯ ಅಲ್ಲಿಲ್ಲ. ಸಹಕಾರ ಸಂಘದ ಸದಸ್ಯರೇ ಹೆಚ್ಚಾಗಿರುವ ಅಡಿಕೆ ಬೆಳೆಗಾರರು ಯೋಜನೆಯಡಿ ಚಿಕಿತ್ಸೆ ಬಯಸಿದರೆ ನೋಂದಾಯಿತ ಆಸ್ಪತ್ರೆಯನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಹಣದ ಅನುಕೂಲವಿಲ್ಲದವರಿಗೆ ನಗರದಲ್ಲಿಯೇ ಮೆಗ್ಗಾನ್ ಬೋಧನಾ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗವಿದೆ. ವರದಿ ಪೂರ್ತಿ ಇಂಗ್ಲಿಷಿನಲ್ಲಿದ್ದುದು ಇನ್ನೊಂದು ಕೊರತೆ. ಬಾಯಿಮಾತಿನಲ್ಲಿ ಅಷ್ಟು ಚೆನ್ನಾಗಿ ಕನ್ನಡದಲ್ಲಿ ತಿಳಿಸಿದ ವೈದ್ಯರು ಅದನ್ನೇ ಒಂದು ಹಾಳೆಯಲ್ಲಿ ಮುದ್ರಿಸಿ ಕೊಟ್ಟಿದ್ದರೆ ಊರಿಗೆ ಬಂದ ಮೇಲೆ ಯಾವ ಮಾತ್ರೆ ಏಕೆ ಎಂಬುದನ್ನು ಚಿಕ್ಕಪ್ಪ ನನ್ನನ್ನು ಮತ್ತೆ ಮತ್ತೆ ಕೇಳಬೇಕಾಗುತ್ತಿರಲಿಲ್ಲ.

ಈ ಚಿಕಿತ್ಸಾಲಯ ಹಗಲು ಮಾತ್ರ ತೆರೆದಿರುತ್ತದೆ ಎಂಬುದನ್ನು ನೆನಪಿಡಬೇಕು. ಕಾಲು ಒಮ್ಮೆಲೆ ತಣ್ಣಗಾಗಿ, ಬಿಳಿಚಿ, ವಿಪರೀತ ನೋವು ಬಂದು, ಬೆರಳು ಆಡಿಸಲಾಗದಿದ್ದರೆ ಅಪಧಮನಿ ಪೂರ್ತಿ ಮುಚ್ಚಿದೆ ಎಂದರ್ಥ. ರಕ್ತಸಂಚಾರ ಮರಳಿಸಲು ಇರುವ ಅವಕಾಶ ಸುಮಾರು ಆರು ಗಂಟೆ. ಆಗುಂಬೆ, ಹೊಸನಗರ ತಾಲ್ಲೂಕಿನ ನಗರ, ತುಮರಿ ಕಡೆಯವರಿಗೆ ಅದರಲ್ಲಿ ದೊಡ್ಡ ಪಾಲು ರಸ್ತೆಯಲ್ಲೇ ಹೋಗುತ್ತದೆ. ಅಂಥ ಸ್ಥಿತಿಯಲ್ಲಿ ಬಿಸಿನೀರಿನ ಶಾಖ ಕೊಡುತ್ತ, ಎಣ್ಣೆ ತಿಕ್ಕುತ್ತ ಕೂರದೆ, ಹೊರಡುವ ಮೊದಲೇ ಫೋನ್ ಮಾಡಿ ಶಸ್ತ್ರಚಿಕಿತ್ಸೆಯ ಸೌಲಭ್ಯ ದಿನವಿಡೀ ಇರುವ ದೊಡ್ಡ ಆಸ್ಪತ್ರೆಗೇ ಹೋಗಬೇಕು.

ಉಳಿದಂತೆ ಉಬ್ಬಿದ ನರ, ಮಾಯದ ಹುಣ್ಣು, ನಡೆದರೆ ಬರುವ ಮೀನಖಂಡದ ನೋವು ಇವುಗಳಿಗೆ ನಾನು ಈ ಚಿಕಿತ್ಸಾಲಯಕ್ಕೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಡಿಮೆಯಾದ ಒಂದು ಅಂಕ ಮೆಟ್ಟಿಲಿಗೆ ಮತ್ತು ಬಿಲ್ಲಿಗೆ. ಹೋಗುವವರು ಹಳೆಯ ವರದಿಗಳನ್ನೂ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಗಳನ್ನೂ ಒಯ್ಯಬೇಕು, ಒಟ್ಟು ಖರ್ಚಿನಲ್ಲಿ ಏನೇನು ಸೇರಿದೆ ಎಂದು ಬರೆಸಿಕೊಳ್ಳಬೇಕು. ಕಾಲುಚೀಲದ ಅಳತೆ ತೆಗೆಸುವುದಿದ್ದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರು ಮೊದಲ ಬಸ್ಸಿಗೇ ಹೊರಡುವುದು ಒಳ್ಳೆಯದು. ಮಧ್ಯಾಹ್ನದ ಹೊತ್ತಿಗೆ ಕಾಲು ಬಾತಿರುತ್ತದೆ, ಬಾತ ಕಾಲಿನ ಅಳತೆಗೆ ತಂದ ಚೀಲ ಮರುದಿನ ಬೆಳಿಗ್ಗೆ ಸಡಿಲವಾಗುತ್ತದೆ, ಒಮ್ಮೆ ಬಿಚ್ಚಿದ ಚೀಲವನ್ನು ಅಲ್ಲಿ ಬದಲಾಯಿಸಿ ಕೊಡುವುದಿಲ್ಲ.